ಪಾದದ ಅಳತೆ

“ಅಧ್ಯಕ್ಷರ ಅಳಿಯನಂಥ ಆಟಗಾರ ಈ ದೇಶದಲ್ಲಿ ಇನ್ನೊಬ್ಬ ಹುಟ್ಟಿಲ್ಲ!” ಎಂದು ದಂತವೈದ್ಯರು ಮೇಜು ಗುದ್ದಿದರು.

ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು. “ಹಾಗನ್ಬೇಡಿ ಡಾಕ್ಟ್ರೇ. ನನ್ನ ಅಳಿಯ ಮೆಟ್ಟಿಲನ್ನೇ ನೆಟ್ಟಗೆ ಹತ್ತಲ್ಲ. ನಿಮ್ಮ ಮಗನ ಮೈಕಟ್ಟೇನು, ವೇಗವೇನು! ಅವನನ್ನ ಬಿಟ್ರೆ ದೇಶಕ್ಕೆ ದ್ರೋಹ ಮಾಡಿದ ಹಾಗೆ.”

“ನನ್ನ ಮಗನಿಗೆ ನೆಗಡಿ.”

“ಪಂದ್ಯ ಇರೋದು ಇನ್ನು ಎರಡು ತಿಂಗಳಿಗೆ.”

“ಹಳೇ ನೆಗಡಿ ಸಾರ್. ಹೋಗೋದಿಲ್ಲ.”

ರಾಷ್ಟ್ರೀಯ ಐಸ್ ಹಾಕಿ ತಂಡದ ಆಯ್ಕೆ ಸಭೆ ಬೆಳಿಗ್ಗೆ ಹತ್ತಕ್ಕೆ ಶುರುವಾಗಿತ್ತು. ಊಟದ ಹೊತ್ತು ಹತ್ತಿರವಾದರೂ ಒಂದು ಹೆಸರೂ ಇತ್ಯರ್ಥವಾಗಿರಲಿಲ್ಲ. ಮೂಲೆಯ ಸಣ್ಣ ಮೇಜಿನಲ್ಲಿ ಗುಮಾಸ್ತ ನಡಾವಳಿ ಬರೆಯುತ್ತಿದ್ದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಎಂತೆಂಥ ಸಭೆಗಳನ್ನೋ ಕಂಡಿದ್ದ. ಎಲ್ಲ ಕಡೆ ‘ನಮ್ಮವರಿಗೆ ಕೊಡಿ’ ಎಂದು ಕಿತ್ತಾಡುತ್ತಾರೆ. ಇಲ್ಲಿ ‘ನಿಮ್ಮವರಿಗೇ ಇರಲಿ’ ಎಂದು ಕಿತ್ತಾಡುತ್ತಿದ್ದರು.

ಕಾರಣವಿತ್ತು. ಆ ದೇಶದಲ್ಲಿ ಜನ ಐಸ್ ನೋಡುತ್ತಿದ್ದುದು ಹಣ್ಣಿನ ರಸದ ಲೋಟದಲ್ಲಿ ಮಾತ್ರ. ಹೋದ ಸಲ ತಂಡ ಐವತ್ತೊಂದು ಗೋಲಿನಿಂದ ಸೋತಿತ್ತು. ಹೋದ ಆರು ಜನರೂ ತಿರುಗಿ ಬಂದರು, ಅವರ ಹಲ್ಲುಗಳಲ್ಲಿ ಅರ್ಧ ಬರಲಿಲ್ಲ. ದಂತವೈದ್ಯರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಕಳಿಸದೆ ಇರುವ ಹಾಗೂ ಇರಲಿಲ್ಲ. ಅಂತಾರಾಷ್ಟ್ರೀಯ ಮಂಡಳಿ ಖಡಾಖಂಡಿತವಾಗಿ ಬರೆದಿತ್ತು: ಆರು ಆಟಗಾರರ ಪಟ್ಟಿ ಇಂದೇ ತಲುಪಬೇಕು, ತಲುಪಿದ ಮೇಲೆ ಬದಲಾಗದು, ಪಟ್ಟಿಯಲ್ಲಿದ್ದವರು ಆಡದಿದ್ದರೆ ದೇಶದ ಐಸ್ ಹಾಕಿ ಒಕ್ಕೂಟವೇ ರದ್ದು. ಒಕ್ಕೂಟ ಹೋದರೆ ಆರು ಸದಸ್ಯರ ಆರು ಕಾರು, ಆರು ಕುರ್ಚಿ, ವರ್ಷಕ್ಕೆರಡು ವಿದೇಶ ಪ್ರವಾಸ, ಎಲ್ಲಕ್ಕೂ ಎಳ್ಳುನೀರು.

ಡ್ರಿಲ್ ಮಾಸ್ತರು ತಟ್ಟನೆ ಮೂಲೆಗೆ ತಿರುಗಿದರು. ಶಾಲೆಯಿಂದ ನಿವೃತ್ತರಾಗಿ ಸದಸ್ಯರಾದವರು ಅವರು. “ಗುಮಾಸ್ತರೇ, ನಿಮ್ಮ ಅಳಿಯ ಐಸ್ ಫ್ಯಾಕ್ಟರೀಲಿ ಅಲ್ವಾ ಇರೋದು?”

ಪೆನ್ನು ನಿಂತಿತು. “ಐಸ್ ಗಡ್ಡೆ ಲಾರಿಗೆ ಹೇರ್ತಾನೆ ಸಾರ್. ಅಷ್ಟೇ.”

“ಅಂದ್ರೆ ಐಸ್ ಮೇಲೆ ನಿಂತು ಅಭ್ಯಾಸ ಇದೆ!”

“ಪಕ್ಕದಲ್ಲಿ ನಿಲ್ತಾನೆ ಸಾರ್.”

“ಗೋಲ್‌ಕೀಪರ್ ಆಗ್ಲಿ,” ಎಂದರು ಅಧ್ಯಕ್ಷರು. ಆರು ಕೈಗಳು ಒಟ್ಟಿಗೆ ಮೇಲೆದ್ದವು. ಬೆಳಗಿನಿಂದ ಅದೇ ಮೊದಲ ಒಮ್ಮತ.

ಗುಮಾಸ್ತ ಎದ್ದು ನಿಂತ. “ಸಾರ್, ನನ್ನ ಮಗಳಿಗೆ ಏಳು ತಿಂಗಳು. ಪಂದ್ಯದ ಹೊತ್ತಿಗೇ ಹೆರಿಗೆ. ಅವಳಿಗೆ ಐಸ್ ಅಗಿಯೋ ಬಯಕೆ. ದಿನಾ ಸಂಜೆ ಗೋಣೀಲಿ ಸುತ್ತಿ ಒಂದು ತುಂಡು ತಂದುಕೊಡೋನು ಅವನೇ. ಕೈ ಮುಗೀತೀನಿ, ಅವನೊಬ್ಬನನ್ನ ಬಿಡಿ.”

“ದೇಶ ದೊಡ್ಡದೋ ನಿಮ್ಮ ಮಗಳು ದೊಡ್ಡವಳೋ?” ಎಂದರು ಅಧ್ಯಕ್ಷರು.

ಅವರ ಅಳಿಯನ ಮಾತು ಬಂದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗುಮಾಸ್ತನಿಗೆ ಮೊದಲು ಸಂಕಟವಾಯಿತು, ಆಮೇಲೆ ಸಿಟ್ಟು ಬಂತು. ಎರಡನ್ನೂ ನುಂಗಿಕೊಂಡು ಕೂತ.

ದಾರಿ ಕಂಡ ಮೇಲೆ ಉಳಿದದ್ದು ಸಲೀಸು. ಕಚೇರಿಯ ಜವಾನ, ಡ್ರೈವರ್, ಮಾಲಿ, ಕ್ಯಾಂಟೀನಿನ ಇಬ್ಬರು. ಸಮಿತಿಯಲ್ಲಿ ಯಾರ ಅಳಿಯನೂ ಅಲ್ಲ, ಯಾರ ಮಗನೂ ಅಲ್ಲ. ಸಭೆಗೆ ಮದುವೆಮನೆಯ ಕಳೆ ಬಂತು.

“ನಾವೂ ಜೊತೆಗೆ ಹೋಗೋಣ,” ಎಂದರು ಡ್ರಿಲ್ ಮಾಸ್ತರು. “ಆಟ ಹತ್ತಿರದಿಂದ ನೋಡಿದ ಹಾಗಾಗುತ್ತೆ.”

ಸದಸ್ಯರು ಊಟಕ್ಕೆ ಎದ್ದರು. ಗುಮಾಸ್ತ ಊಟ ಬಿಟ್ಟು ಮಂಡಳಿಯ ಫಾರಂ ತುಂಬಿದ. ಹೆಸರು, ಅಳತೆ, ಸಹಿ, ಇಷ್ಟೇ ಕೇಳಿದ್ದರು. ವಯಸ್ಸಿಗೆ ಜಾಗವೇ ಇರಲಿಲ್ಲ. ಆರು ಹೆಸರನ್ನೂ ಒಂದು ಚಿತ್ತೂ ಇಲ್ಲದೆ ದುಂಡಗೆ ಬರೆದ.

ಸದಸ್ಯರು ತೇಗುತ್ತ ಬಂದು ಕುರ್ಚಿಗೆ ಬಿದ್ದಾಗ ಅವನು ಕೈಯಲ್ಲಿ ಟೇಪು ಹಿಡಿದು ನಿಂತಿದ್ದ. “ಸಾರ್, ಪಾದದ ಅಳತೆ ಬೇಕಂತೆ. ಮಂಡಳಿಯವರು ಶೂ ಕಳಿಸ್ತಾರಂತೆ.”

“ನಮಗಾ?”

“ನಿಮಗೇ ಸಾರ್.”

ನಿದ್ದೆ ಹಾರಿತು. ಹನ್ನೆರಡು ಕಾಲುಗಳು ಮುಂದೆ ಬಂದವು. ಡ್ರಿಲ್ ಮಾಸ್ತರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು, ಅವರು ನಾಚಲಿಲ್ಲ. ವಿದೇಶದ ಶೂ, ಅದೂ ಪುಕ್ಕಟೆ!

“ಅಧ್ಯಕ್ಷರದ್ದು ಎದೆ ಅಳತೆನೂ ಬೇಕು ಸಾರ್. ಎದೆಗೆ ಹಾಕ್ಕೊಳ್ಳೋಕೆ ಏನೋ ಕಳಿಸ್ತಾರಂತೆ.”

“ಪದಕ ಇರ್ಬೇಕು,” ಎಂದು ಅಧ್ಯಕ್ಷರು ಉಸಿರೆಳೆದು ಎದೆಯುಬ್ಬಿಸಿದರು. ಟೇಪು ಸಾಲದೆ ಮಾಲಿಯ ಹಗ್ಗ ತರಬೇಕಾಯಿತು.

“ಇಲ್ಲಿ ಸಹಿ ಸಾರ್. ಒಂದ್ಸಲ ಓದಿಬಿಡಿ.”

“ಓದೋದು ನಿಮ್ಮ ಕೆಲಸ, ಸಹಿ ಹಾಕೋದು ನಮ್ಮದು!” ಎಲ್ಲರೂ ನಕ್ಕರು. ಸಹಿಗಳು ಸರಸರನೆ ಬಿದ್ದವು. ಗುಮಾಸ್ತ ಫಾರಂ ಸ್ಕ್ಯಾನ್ ಮಾಡಿ ಕಳಿಸಿ, ಮಂಡಳಿಯ ಉತ್ತರ ಬರುವವರೆಗೂ ಕಂಪ್ಯೂಟರಿನ ಮುಂದಿನಿಂದ ಕದಲಲಿಲ್ಲ. ‘ತಲುಪಿದೆ’ ಎಂದು ಬಂತು. ಛತ್ರಿ ತೆಗೆದುಕೊಂಡು ಮನೆಗೆ ಹೊರಟ.

ಒಂದೂವರೆ ತಿಂಗಳಿಗೆ ಆರು ಪೆಟ್ಟಿಗೆ ಬಂದವು. ಒಂದೊಂದರ ಮೇಲೂ ಒಬ್ಬೊಬ್ಬ ಸದಸ್ಯರ ಹೆಸರು. ಅಧ್ಯಕ್ಷರದ್ದನ್ನು ಇಬ್ಬರು ಹೊತ್ತು ತಂದರು.

“ನೋಡಿದ್ರಾ ಪದಕದ ಭಾರ!” ಎಂದು ಅಧ್ಯಕ್ಷರು ಸುತ್ತಲೂ ನೋಡಿದರು.

ದಂತವೈದ್ಯರು ಆಗಲೇ ಒಂದು ಶೂ ಕಾಲಿಗೇರಿಸಿದ್ದರು. ಹೇಳಿ ಮಾಡಿಸಿದಂತಿತ್ತು. ಇನ್ನೊಂದನ್ನು ತಿರುಗಿಸಿ ನೋಡಿದರು. “ಸಾರ್, ಅಡಿಯಲ್ಲಿ ಇದೇನಿದು, ಬ್ಲೇಡು?” ಅವರ ಕೈ ತಾನಾಗಿ ಹಲ್ಲಿನ ಮೇಲೆ ಹೋಯಿತು. “ಗುಮಾಸ್ತರೇ, ಜೊತೆಗೆ ಬಂದ ಕಾಗದ ಎಲ್ಲಿ?”

“ಓದೋದು ನನ್ನ ಕೆಲಸ ಸಾರ್,” ಎಂದು ಗುಮಾಸ್ತ ಕನ್ನಡಕ ಏರಿಸಿ ಕಾಗದ ಬಿಡಿಸಿದ. “ಸಹಿ ಮಾಡಿದ ಆರೂ ಆಟಗಾರರಿಗೆ ಸ್ವಾಗತ ಅಂತ ಬರೆದಿದ್ದಾರೆ. ಗೋಲಿನಲ್ಲಿ ಅಧ್ಯಕ್ಷರು.”