ಗಿಣಿ ಎಳೆದ ಪೂರ್ಣಕುಂಭ

"ಗಿಣಿ ಮಾತು ನಂಬ್ಕೊಂಡು ಸಂಸಾರ ಮಾಡಕ್ಕಾಗುತ್ತೇನೇ?" ಎಂದು ಸುಗುಣ ದಾರಿಯುದ್ದಕ್ಕೂ ಬೈದಳು. ಜಯಶೀಲ ಕೇಳಲಿಲ್ಲ, ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಯುಗಾದಿಯ ಮರುದಿನ ಆರು ಬೆರಳಿನ ಎಡಗೈ ಬೀಸಿ "ಸಾಕು ನಿನ್ನ ಸಹವಾಸ" ಎಂದು ಹೊರಟ ಗಂಡ ಮತ್ತೆ ಹೊಸ್ತಿಲು ತುಳಿದಿರಲಿಲ್ಲ. ಅಂದಿನಿಂದ ಅವಳ ಕಣ್ಣೊರೆಸಿ, ಬಲವಂತ ಮಾಡಿ ಉಣ್ಣಿಸಿದವಳು ಈ ಗೆಳತಿಯೇ. ಈಗ ಮಾತ್ರ ತಲೆತುಂಬ ಸೆರಗು ಹೊದ್ದು, ಗಿಣಿಶಾಸ್ತ್ರದವನಿಗೆ ಬೆನ್ನು ಹಾಕಿ ನಿಂತಿದ್ದಳು.

ಗಿಣಿ ಪಂಜರದಿಂದ ಇಳಿದು ಕಾರ್ಡೊಂದನ್ನು ಎಳೆಯಿತು. ಮಾವಿನೆಲೆ, ತೆಂಗಿನಕಾಯಿ ಇಟ್ಟ ತುಂಬಿದ ಕೊಡದ ಚಿತ್ರ.

"ಪೂರ್ಣಕುಂಭ, ತಾಯಿ! ಮುರಿದಿದ್ದು ಕೂಡುತ್ತೆ, ಮನೆ ತುಂಬುತ್ತೆ. ಯಜಮಾನ್ರು ಬಂದೇ ಬರ್ತಾರೆ."

"ಕೇಳಿದ್ಯೇನೇ, ಸುಗುಣ?" ಜಯಶೀಲ ಗೆಳತಿಯ ತೋಳು ಹಿಡಿದು ಅಲುಗಿಸಿದಳು.

"ಎಲ್ಲರಿಗೂ ಇದನ್ನೇ ಹೇಳ್ತಾರೆ ಕಣೆ. ನಡಿ, ಹೋಗೋಣ."

ಜಯಶೀಲ ಖುಷಿಯಿಂದ ಗಿಣಿಗೆ ಭತ್ತ ಹಿಡಿದಳು. ಅದು ತಿರುಗಿಯೂ ನೋಡಲಿಲ್ಲ.

"ಬೇಜಾರು ಮಾಡ್ಕೋಬೇಡಿ ತಾಯಿ, ಹೊಸಬರ ಕೈಯಿಂದ ಅದು ತಿನ್ನಲ್ಲ," ಎಂದ ಶಾಸ್ತ್ರದವನು.

ಗಿಣಿ ಚಾಪೆ ದಾಟಿ ಕುಪ್ಪಳಿಸುತ್ತ ಹೋಗಿ, ಸುಗುಣಳ ಸೆರಗಿನ ತುದಿ ಕಚ್ಚಿ ಜಗ್ಗಿತು. ಸೆರಗು ತಲೆಯಿಂದ ಜಾರಿತು.

ಶಾಸ್ತ್ರದವನ ಮುಖ ಅರಳಿತು. "ಅಯ್ಯೋ, ನೀವಾ ತಾಯಿ! ಬಂದಾಗೆಲ್ಲ ನಿಮಗೂ ಇದೇ ಕಾರ್ಡು ತಾನೇ? ಅಂದಂಗೆ, ಕಾಳು ಅಂದ್ಕೊಂಡು ಇದು ಕುಟುಕಿಬಿಡ್ತಲ್ಲ, ನಿಮ್ಮ ಯಜಮಾನ್ರ ಆರನೇ ಬೆರಳು, ವಾಸಿ ಆಯ್ತಾ?"