ತೊಳೆದ ಮದ್ದು

ಶೀನಪ್ಪನ ಪಾದದ ಬ್ಯಾಂಡೇಜು ಬಿಚ್ಚುತ್ತಲೇ ನರ್ಸ್ ನವ್ಯಾಳಿಗೆ ಸಿಟ್ಟು ಬಂತು. ಕೀವಾದ ಹುಣ್ಣಿನ ಮೇಲೆ ಇಟ್ಟಿದ್ದ ಮದ್ದಿನ ಹಾಳೆ ಇವತ್ತೂ ಮಾಯ.

“ಅದನ್ನು ತೆಗೆಯಬಾರದು, ಗಾಯದಲ್ಲೇ ಕರಗಿ ಅಲ್ಲೇ ಇರಬೇಕು ಅಂತ ಎಷ್ಟು ಸಲ ಹೇಳುವುದು ಮಾರಾಯ್ರೆ?”

“ತೆಗೆಯಲಿಲ್ಲ ಸಿಸ್ಟರ್,” ಎಂದಳು ಅವನ ಹೆಂಡತಿ ಕಾಂತಿ, ಬೆಲ್ಲ-ನೀರಿನ ತಟ್ಟೆಯನ್ನು ನವ್ಯಾಳ ಪಕ್ಕ ಇಡುತ್ತಾ. “ಅದು ತಾನಾಗಿಯೇ ಲೋಳೆಯಾಗ್ತದೆ, ನೋಡಿದರೆ ಅಸಹ್ಯ. ಸಿದ್ಧಕಟ್ಟೆ ಆಸ್ಪತ್ರೆಯಿಂದ ಈ ಬಿಸಿಲಿಗೆ ಬರುವ ನಿಮಗೆ ಅದನ್ನು ತೋರಿಸುವುದಾ? ನೀವು ಬರುವ ಮೊದಲು ಬಿಸಿನೀರಲ್ಲಿ ಚಂದ ಮಾಡಿ ತೊಳೆದು, ಪುನಃ ಕಟ್ಟಿ ಇಡ್ತೇನೆ.”

ನವ್ಯಾಳ ಸಿಟ್ಟು ಇಳಿಯಿತು. ಅವಳು ತಟ್ಟೆಯನ್ನು ದೂರ ಸರಿಸಿದಳು.

“ಆ ಲೋಳೆಯೇ ಮದ್ದು, ಕಾಂತಿಯಕ್ಕ. ನಾನೇನು ಮನೆಗೆ ಬಂದ ನೆಂಟರಾ? ನಾಳೆ ನನಗೆ ಆ ಅಸಹ್ಯವನ್ನೇ ತೋರಿಸಿ.”