ಮದ್ದು ಹಚ್ಚಿದ ಕೈ

ಮಕ್ಕಳಿಗೆಲ್ಲ ಕಜ್ಜಿಯ ಮದ್ದು ಹಚ್ಚಿ, ಬೆಳಗಾಗುವ ತನಕ ಯಾರೂ ಕೈ ತೊಳೆಯಕೂಡದು ಎಂದು ಹೇಳಿ ನರ್ಸಮ್ಮ ಹೊರಟುಹೋದ ಮೇಲೆ ಆಯಮ್ಮನಿಗೆ ಊಟದ ನೆನಪಾಯಿತು. ಮೊದಲು ಉಣಿಸಿ ಆಮೇಲೆ ಹಚ್ಚಬೇಕಿತ್ತು. ಅನಾಥಾಲಯದ ಹಜಾರದಲ್ಲಿ ಮಕ್ಕಳು ಕೊರಳಿನಿಂದ ಕಾಲಿನವರೆಗೆ ಬೆಳ್ಳಗಾಗಿ, ಬೆರಳು ಅಗಲಿಸಿಕೊಂಡು, ಒಬ್ಬರಿಗೊಬ್ಬರು ತಾಗದಂತೆ ಕೂತಿದ್ದವು. ಅವುಗಳ ಬಟ್ಟೆ, ಹೊದಿಕೆ ಎಲ್ಲ ಹಿತ್ತಲ ಹಂಡೆಯಲ್ಲಿ ಕುದಿಯುತ್ತಿತ್ತು. ಕಜ್ಜಿ ಶುರುವಾದಾಗಿನಿಂದ ಹೊರಗಿನವರು ಹೊಸಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು.

ಚಮಚ ಹಿಡಿದರೂ ಮದ್ದು ಒರೆಸಿಹೋಗುತ್ತದೆ. ಆಯಮ್ಮ ದೊಡ್ಡ ಬೋಗುಣಿಯಲ್ಲಿ ಅನ್ನ ಕಲಸಿಕೊಂಡು ಸಾಲಿನ ಮುಂದೆ ಕೂತಳು. ಈ ಬಾಯಿಗೊಂದು ತುತ್ತು, ಆ ಬಾಯಿಗೊಂದು. ಪಕ್ಕದವನಿಗೆ ದೊಡ್ಡ ತುತ್ತು ಹೋಯಿತೆಂದು ಒಬ್ಬ ದೂರಿದ.

"ಅವನ ಬಾಯೇ ಅಷ್ಟಗಲ ಇದೆ, ನಾನೇನು ಮಾಡ್ಲಿ?" ಎಂದಳು ಆಯಮ್ಮ.

ಸಾಲಿನ ಕೊನೆಯಲ್ಲಿ, ಗೋಡೆಗೆ ಆತು ಕೂತವಳು ಕಡ್ಡಿ. ಮೈಯಲ್ಲಿ ಮೂಳೆ ಬಿಟ್ಟು ಬೇರೇನೂ ಇಲ್ಲದ್ದರಿಂದ ಅದೇ ಅವಳ ಹೆಸರಾಗಿಹೋಗಿತ್ತು. ಬಂದ ದಿನದಿಂದ ಅನ್ನ ಕೆದಕುತ್ತಿದ್ದಳೇ ಹೊರತು ಉಂಡವಳಲ್ಲ. ಆಯಮ್ಮ ಗದರಿಸಿ ನೋಡಿದ್ದಳು, ರಮಿಸಿ ನೋಡಿದ್ದಳು. ಹೀಗೇ ಇಳಿಯುತ್ತ ಹೋದರೆ ಮಗು ಉಳಿಯುವುದಿಲ್ಲ ಎಂದು ನರ್ಸಮ್ಮ ಅವಳನ್ನು ತೂಕ ಮಾಡಿದಾಗಲೆಲ್ಲ ಹೇಳುತ್ತಿದ್ದಳು.

ಅಂದು ಕಡ್ಡಿ ಬಾಯಿ ತೆರೆದಳು. ನುಂಗಿದಳು. ಮತ್ತೆ ತೆರೆದಳು. ಬೋಗುಣಿ ಬರಿದಾದ ಮೇಲೂ ಅವಳ ಕಣ್ಣು ಆಯಮ್ಮನ ಬೆರಳ ಮೇಲೇ ಇತ್ತು.

"ನಾಳೆನೂ ಮದ್ದು ಹಚ್ತಾರಾ?"

"ಇನ್ನು ಬರೋ ವಾರಾನೇ. ಅಷ್ಟರಲ್ಲಿ ತುರಿಕೆ ಕಮ್ಮಿ ಆಗುತ್ತೆ, ಪುಟ್ಟಿ."

ಕಡ್ಡಿ ಗೋಡೆಯ ಕಡೆ ತಿರುಗಿಕೊಂಡಳು.

ಮರುದಿನದಿಂದ ಮತ್ತೆ ಅದೇ ಕೆದಕಾಟ. ಇವಳಿಗೊಬ್ಬಳಿಗೆ ಉಣಿಸೋಣವೆಂದು ಆಯಮ್ಮನ ಕೈ ಮುಂದಾಗುತ್ತಿತ್ತು. ಆದರೆ ಬಡಿಸುವವಳೂ ಅವಳೇ, ತೊಳೆಯುವವಳೂ ಅವಳೇ. ಒಬ್ಬಳಿಗೆ ಕೈತುತ್ತು ಕೊಟ್ಟು ಮಿಕ್ಕವರ ಮುಖ ನೋಡುವುದು ಹೇಗೆಂದು ಸುಮ್ಮನಾಗುತ್ತಿದ್ದಳು.

ಎರಡನೆಯ ಸಲ ಮದ್ದು ತಂದಾಗ ನರ್ಸಮ್ಮ ಹಳೆಯ ಎಡವಟ್ಟನ್ನು ಮರೆತಿರಲಿಲ್ಲ. ಊಟ ಮುಗಿಯಲಿ, ಆಮೇಲೆ ಹಚ್ಚೋಣ ಎಂದು ಬಾಟಲಿಯನ್ನು ಕಿಟಕಿಯ ಮೇಲಿಟ್ಟಳು. ಆಯಮ್ಮ ಬಡಿಸಿಕೊಂಡು ಹೋಗಿ ತಿರುಗಿ ಬರುವಾಗ ಕಡ್ಡಿಯ ತಟ್ಟೆಯಲ್ಲಿ ಅನ್ನ ಹಾಕಿದಂತೆಯೇ ಇತ್ತು. ಅವಳು ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ ಕೂತಿದ್ದಳು. ಬೆರಳ ಸಂದಿನ ಗುಳ್ಳೆಗಳು ಬಾಡಿದ್ದವು. ಮದ್ದಿನ ಗುರುತೇ ಇರಲಿಲ್ಲ.

"ಏನೇ ಇದು?"

"ಮದ್ದು ಇನ್ನೂ ಒಣಗಿಲ್ಲ, ಆಯಮ್ಮ."

ಆಯಮ್ಮ ಸೌಟು ಕೆಳಗಿಟ್ಟಳು. ಕೈ ತೊಳೆದು ಬಂದು, ಅವಳೆದುರು ಕೂತು, ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಕಡ್ಡಿ ನುಂಗಿದಳು.

ಹಜಾರದಲ್ಲಿ ಉಣ್ಣುವ ಸದ್ದು ನಿಂತಿತ್ತು. ಆಯಮ್ಮ ತಲೆಯೆತ್ತಿ ನೋಡಿದಳು. ಸಾಲಿನುದ್ದಕ್ಕೂ ಮಕ್ಕಳು ತಟ್ಟೆಯಿಂದ ಕೈ ತೆಗೆದು, ಅನ್ನ ಮೆತ್ತಿದ ಬೆರಳುಗಳನ್ನು ಅಗಲಿಸಿ, ಮುಂದಕ್ಕೆ ಚಾಚಿಕೊಂಡು ಕೂತಿದ್ದವು.